ಊರು ಬೆಳೆದರೆ ಊರಿನ ಬೊಕ್ಕಸಕ್ಕೇನು?

(ರಾಜ್ಯೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ಮಾತು ಬರುವುದು ವಾಡಿಕೆ. ಹಾಡು, ನಾಟಕ, ಸನ್ಮಾನಗಳ ನಡುವೆ ತೆರಿಗೆಯ ಮಾತೆತ್ತಿದರೆ ಹೋಳಿಗೆಯ ಊಟಕ್ಕೆ ಕಷಾಯ ಬಡಿಸಿದಂತಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಈ ಸಭೆಯಲ್ಲಿ ಕುಳಿತಿರುವವರು ಯಾರೆಂಬುದನ್ನು ನೋಡಿದರೆ ವಿಷಯ ಅಷ್ಟೇನೂ ಹೊರಗಿನದಲ್ಲ. ಹೋಟೆಲು ನಡೆಸುವವರು ಇಲ್ಲಿದ್ದಾರೆ. ಬಟ್ಟೆ, ಔಷಧ, ಕಿರಾಣಿ ಅಂಗಡಿಗಳ ಒಡೆಯರಿದ್ದಾರೆ. ಬ್ಯಾಂಕು, ಕಾರಖಾನೆ, ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರಿದ್ದಾರೆ. ಈ ನಗರದ ವ್ಯಾಪಾರ ಉದ್ಯಮಗಳಲ್ಲಿ ನಮ್ಮೆಲ್ಲರ ಅನ್ನದ ಋಣವಿದೆ. ಆದುದರಿಂದ ನಾವು ಇಂದು ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇವೆ. ಒಂದು ಊರಿನಲ್ಲಿ ಅಂಗಡಿ, ಕಾರಖಾನೆ, ಕಚೇರಿಗಳು ಹೆಚ್ಚಿದಾಗ ಆ ಊರಿನ ಪುರಸಭೆಗೆ ಅಥವಾ ಪಂಚಾಯತಿಗೆ ಸಿಗುವುದೇನು? ಏನೂ ಸಿಗದಿದ್ದರೆ, ಅದು ಉದ್ಯಮವನ್ನು ಬೆಳೆಸಲು ಏಕೆ ಮನಸ್ಸು ಮಾಡೀತು?

ಒಂದು ಹೊಸ ಕಾರಖಾನೆ ಬಂದಿತೆನ್ನಿ. ಅದರ ಲಾರಿಗಳು ಓಡಾಡುವ ಬೀದಿಯನ್ನು ದುರಸ್ತಿ ಮಾಡಬೇಕಾದುದು ಸ್ಥಳೀಯ ಸಂಸ್ಥೆ. ಅಲ್ಲಿ ದುಡಿಯಲು ಬಂದ ಐನೂರು ಜನ ವಾಸ ಮಾಡುವ ಬಸ್ತಿಗೆ ದೀಪ ಹಾಕಬೇಕು, ಕಸ ಎತ್ತಬೇಕು, ಚರಂಡಿ ತೋಡಬೇಕು, ಸೊಳ್ಳೆಗೆ ಔಷಧ ಹೊಡೆಯಬೇಕು. ಈ ಖರ್ಚೆಲ್ಲ ಊರಿನ ತಲೆಯ ಮೇಲೆ. ಕಾರಖಾನೆಯಿಂದ ಹುಟ್ಟುವ ತೆರಿಗೆಯ ದೊಡ್ಡ ಪಾಲು ಮಾತ್ರ ನೇರವಾಗಿ ರಾಜ್ಯದ ರಾಜಧಾನಿಗೋ ದೆಹಲಿಗೋ ಹೋಗುತ್ತದೆ. ಹಸುವಿಗೆ ಹುಲ್ಲು ಹಾಕುವವನೊಬ್ಬ, ಹಾಲು ಕರೆದುಕೊಳ್ಳುವವನು ಇನ್ನೊಬ್ಬ ಎಂದಾದರೆ, ಹುಲ್ಲು ಹಾಕುವವನ ಉತ್ಸಾಹ ಎಷ್ಟು ದಿನ ಉಳಿದೀತು? ಈ ಉತ್ಸಾಹವನ್ನು ಉಳಿಸಲು ಹಾಲಿನಲ್ಲಿ ಅವನಿಗೂ ಒಂದು ಪಾಲು ಕೊಡಬೇಕೆಂಬುದೇ ಸ್ಥಳೀಯ ಸಂಸ್ಥೆಗಳಿಗೆ ಉತ್ತೇಜನ ಧನ ಕೊಡುವ ವಿಚಾರದ ತಿರುಳು.

ಈ ವಿಚಾರ ಪರದೇಶದಿಂದ ಬಂದ ಹೊಸ ಸರಕೆಂದು ತಿಳಿಯಬೇಕಾಗಿಲ್ಲ. ನಮ್ಮ ಕನ್ನಡ ನಾಡಿನ ಶಾಸನಗಳಲ್ಲಿ 'ಪಟ್ಟಣಸ್ವಾಮಿ' ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಆತ ಊರಿನ ವರ್ತಕರ ಮುಖ್ಯಸ್ಥ. ಅಯ್ಯಾವೊಳೆಯ, ಎಂದರೆ ಇಂದಿನ ಐಹೊಳೆಯ, ಐನೂರ್ವರೆಂಬ ವರ್ತಕ ಸಂಘದವರು ದಕ್ಷಿಣ ದೇಶದ ಊರೂರುಗಳಲ್ಲಿ ವ್ಯಾಪಾರ ನಡೆಸಿದರು. ಊರಿಗೆ ಬರುವ ಸರಕಿನ ಮೇಲಿನ ಸುಂಕದಲ್ಲಿ ಇಷ್ಟು ಪಾಲು ಆ ಊರಿನ ದೇಗುಲಕ್ಕೆ, ಕೆರೆಗೆ, ಛತ್ರಕ್ಕೆ ಎಂದು ಬಿಟ್ಟುಕೊಟ್ಟ ದತ್ತಿಗಳು ಶಾಸನಗಳಲ್ಲಿ ಹೇರಳವಾಗಿವೆ. ಹೇರಿನ ಲೆಕ್ಕದಲ್ಲಿ ಬಂದ ಸುಂಕದ ಒಂದಂಶ ಅಲ್ಲಿಯೇ ಉಳಿದು, ಅಲ್ಲಿಯ ಜನರ ಕಣ್ಣೆದುರಿಗೇ ಕೆರೆಯ ಕಟ್ಟೆಯಾಗಿ ನಿಲ್ಲುತ್ತಿತ್ತು. ವ್ಯಾಪಾರ ಹೆಚ್ಚಿದರೆ ಕೆರೆಗೂ ಹೆಚ್ಚು ಹಣ. ಬಂದ ವರ್ತಕನನ್ನು ಊರು ಏಕೆ ಆದರಿಸುತ್ತಿತ್ತೆಂಬುದಕ್ಕೆ ಇದೂ ಒಂದು ಕಾರಣ.

ಹಿಂದಿನ ಕಾಲದ್ದೆಲ್ಲ ಚಿನ್ನವೆಂದು ಮಾತ್ರ ನಾವು ಹೇಳಲಾರೆವು. ನಮ್ಮ ಬೀದರ, ಕಲಬುರಗಿ, ರಾಯಚೂರುಗಳ ಹಿರಿಯರಿಗೆ 'ಕರೋಡಗಿರಿ' ಎಂಬ ಮಾತು ನೆನಪಿರಬಹುದು. ನಿಜಾಮರ ರಾಜ್ಯದ ಸುಂಕದ ಇಲಾಖೆಯ ಹೆಸರು ಅದು. ಸುಂಕದ ಕಟ್ಟೆಯಲ್ಲಿ ಗಾಡಿ ನಿಲ್ಲಿಸಿ, ಮೂಟೆ ಬಿಚ್ಚಿ ತೋರಿಸಿ ಮುಂದೆ ಸಾಗಬೇಕಾದ ಕಷ್ಟ ವ್ಯಾಪಾರಸ್ಥರಿಗೆ ಗೊತ್ತು. ಮೈಸೂರು, ಮುಂಬಯಿ ಪ್ರಾಂತಗಳ ಪುರಸಭೆಗಳು ಆಕ್ಟ್ರಾಯ್ ಎಂಬ ಪ್ರವೇಶ ಸುಂಕವನ್ನು ವಸೂಲು ಮಾಡುತ್ತಿದ್ದವು. ಅದರಲ್ಲಿ ಒಂದು ಗುಣವಿತ್ತು, ಒಂದು ದೋಷವಿತ್ತು. ಊರಿನ ವ್ಯಾಪಾರ ಬೆಳೆದಂತೆ ಪುರಸಭೆಯ ಆದಾಯವೂ ತಾನಾಗಿ ಬೆಳೆಯುತ್ತಿತ್ತು, ಇದು ಗುಣ. ಊರ ಬಾಗಿಲಲ್ಲಿ ನಾಕಾ ಹಾಕಿ ಬೆಳೆಯುವ ವ್ಯಾಪಾರವನ್ನೇ ತಡೆದು ನಿಲ್ಲಿಸುತ್ತಿತ್ತು; ಇದು ದೋಷ. ಕರ್ನಾಟಕದಲ್ಲಿ 1979ರ ಏಪ್ರಿಲಿನಿಂದ ಆಕ್ಟ್ರಾಯ್ ರದ್ದಾಯಿತು. ಮುಂಬಯಿ ನಗರದಲ್ಲಿ ಅದು 2017ರ ಜುಲೈ 1ರ ವರೆಗೂ, ಎಂದರೆ ಜಿ.ಎಸ್.ಟಿ. ಬರುವ ತನಕವೂ ಉಳಿದಿತ್ತು.

ನಾಕಾಗಳು ಹೋದುದು ಒಳ್ಳೆಯದೇ. ಆದರೆ ದೋಷದ ಜೊತೆಯಲ್ಲಿ ಗುಣವೂ ಹೋಯಿತು. ಮಹಾರಾಷ್ಟ್ರವು 2017ರಲ್ಲಿ ಒಂದು ಕಾಯಿದೆ ಮಾಡಿ, ಆಕ್ಟ್ರಾಯ್ ಕಳೆದುಕೊಂಡ ನಗರಸಭೆಗಳಿಗೆ ಪರಿಹಾರ ಕೊಡುವುದಾಗಿಯೂ, ಆ ಪರಿಹಾರವನ್ನು ವರ್ಷಕ್ಕೆ 100ಕ್ಕೆ 8ರಂತೆ ಹೆಚ್ಚಿಸುವುದಾಗಿಯೂ ಗೊತ್ತುಮಾಡಿತು. ಇದು ನ್ಯಾಯವಾದುದೇ ಸರಿ. ಆದರೆ ಗಮನಿಸಿ: ಊರಿನಲ್ಲಿ ವ್ಯಾಪಾರ ಇಮ್ಮಡಿಯಾದರೂ ಹೆಚ್ಚಳ 8, ವ್ಯಾಪಾರ ಕುಸಿದರೂ ಹೆಚ್ಚಳ 8. ಪರಿಹಾರವು ನಷ್ಟವನ್ನು ತುಂಬುತ್ತದೆ, ಉತ್ಸಾಹವನ್ನು ತುಂಬುವುದಿಲ್ಲ. ಪರಿಹಾರ ಬೇರೆ, ಉತ್ತೇಜನ ಬೇರೆ ಎಂಬ ಈ ಭೇದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.

ಇನ್ನು ಇಂದಿನ ಲೆಕ್ಕವನ್ನು ನೋಡೋಣ. ಕಾಚಿಗುಡದ ಒಂದು ಸಾಮಾನ್ಯ ಹೋಟೆಲಿನಲ್ಲಿ ನಾವು 100 ರೂಪಾಯಿಯ ತಿಂಡಿ ತಿಂದೆವೆನ್ನೋಣ. 2017ರ ನವೆಂಬರಿನಿಂದ ಇಂಥ ಹೋಟೆಲುಗಳಿಗೆ ಜಿ.ಎಸ್.ಟಿ. 100ಕ್ಕೆ 5. ಈ ಐದು ರೂಪಾಯಿಯಲ್ಲಿ ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಎಂಜಲೆಲೆ ಎತ್ತುವ ನಗರಸಭೆಗೆ ಅದರಲ್ಲಿ ನೇರವಾಗಿ ಒಂದು ಕಾಸೂ ಇಲ್ಲ.

ವೃತ್ತಿ ತೆರಿಗೆಯೆಂಬುದೊಂದುಂಟು. ಸಂಬಳದಾರರೆಲ್ಲ ತಿಂಗಳ ಚೀಟಿಯಲ್ಲಿ ಇದನ್ನು ನೋಡಿದ್ದೇವೆ. ರಾಜ್ಯಾಂಗದ 276ನೆಯ ವಿಧಿಯು ಇದನ್ನು ರಾಜ್ಯಕ್ಕಾಗಲಿ ಸ್ಥಳೀಯ ಸಂಸ್ಥೆಗಾಗಲಿ ಹಾಕಲು ಅವಕಾಶ ಕೊಡುತ್ತದೆ. ತಮಿಳುನಾಡು, ಕೇರಳಗಳಲ್ಲಿ ಇದನ್ನು ವಸೂಲು ಮಾಡುವವರು ಪುರಸಭೆ ಪಂಚಾಯತಿಗಳೇ. ಕಾಸರಗೋಡಿನ ಕಡೆಯ ನಮ್ಮ ಕನ್ನಡಿಗರು, ಮಂಜೇಶ್ವರದಲ್ಲಿ ಒಂದು ಅಂಗಡಿ ಇಟ್ಟರೆ, ವೃತ್ತಿ ತೆರಿಗೆಯನ್ನು ತಮ್ಮ ಪಂಚಾಯತಿಗೇ ಕಟ್ಟುತ್ತಾರೆ. ಕರ್ನಾಟಕದಲ್ಲಿ 1976ರ ಕಾಯಿದೆಯ ಪ್ರಕಾರವೂ, ಆಂಧ್ರದಲ್ಲಿ 1987ರ ಕಾಯಿದೆಯ ಪ್ರಕಾರವೂ ಇದು ರಾಜ್ಯ ಸರಕಾರದ ಕೈ ಸೇರಿತು. ತೆಲಂಗಾಣ ಬೇರೆಯಾದ ಮೇಲೂ ಆ ಪದ್ಧತಿ ಮುಂದುವರಿಯಿತು. ಇನ್ನೊಂದು ಸಂಗತಿ: ಈ ತೆರಿಗೆಗೆ ರಾಜ್ಯಾಂಗವೇ ಒಂದು ಮಿತಿ ಹಾಕಿದೆ. 1950ರಲ್ಲಿ ವರ್ಷಕ್ಕೆ 250 ರೂಪಾಯಿ ಇದ್ದ ಮಿತಿಯನ್ನು 1988ರ ತಿದ್ದುಪಡಿಯಿಂದ 2,500ಕ್ಕೆ ಏರಿಸಿದರು. ಆಮೇಲೆ ಅದು ಮೇಲೇಳಲಿಲ್ಲ. ಲಕ್ಷ ರೂಪಾಯಿ ಸಂಬಳದವನೂ ಹತ್ತು ಲಕ್ಷದವನೂ ಇದರ ಮುಂದೆ ಸಮಾನರು. ಬೆಳೆಯದ ತೆರಿಗೆಯಿಂದ ಬೆಳವಣಿಗೆಗೆ ಪ್ರೋತ್ಸಾಹ ಸಿಗುವುದು ಕಷ್ಟ.

ಕೊನೆಗೆ ನಗರಸಭೆಗೆ ತನ್ನದೆಂದು ಉಳಿಯುವುವು ಆಸ್ತಿ ತೆರಿಗೆ, ವ್ಯಾಪಾರದ ಪರವಾನಗಿಯ ಶುಲ್ಕ, ಕಟ್ಟಡದ ಅನುಮತಿಯ ಶುಲ್ಕ ಮುಂತಾದುವು. ಇವುಗಳಲ್ಲಿ ಆಸ್ತಿ ತೆರಿಗೆಯೇ ಬೆನ್ನೆಲುಬು. ಹೈದರಾಬಾದಿನಲ್ಲಿ ಅದನ್ನು ಕಟ್ಟಡದ ವಾರ್ಷಿಕ ಬಾಡಿಗೆಯ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಹೊಸ ಕಟ್ಟಡ ಎದ್ದರೆ ಆದಾಯ ಬರುತ್ತದೆ, ನಿಜ. ಆದರೆ ಹಳೆಯ ಗೋಡೆಗಳ ನಡುವೆಯೇ ಒಬ್ಬನ ವ್ಯಾಪಾರ ನಾಲ್ಮಡಿಯಾದರೂ, ಬೆಲೆಯನ್ನು ಮತ್ತೆ ಗೊತ್ತುಮಾಡುವ ತನಕ ನಗರಸಭೆಗೆ ಸಿಗುವುದು ಮೊದಲಿನಷ್ಟೇ. ನಮ್ಮ ದೇಶದ ಪೌರಸಂಸ್ಥೆಗಳ ಒಟ್ಟು ವರಮಾನ ದೇಶದ ಉತ್ಪನ್ನದಲ್ಲಿ 100ಕ್ಕೆ ಸುಮಾರು 1ರಷ್ಟರಲ್ಲಿಯೇ ದಶಕಕ್ಕೂ ಹೆಚ್ಚು ಕಾಲದಿಂದ ನಿಂತಿದೆಯೆಂದು ರಿಸರ್ವ್ ಬ್ಯಾಂಕು 2022ರ ವರದಿಯಲ್ಲಿ ಹೇಳಿತು. ಬ್ರೆಜಿಲ್ ದೇಶದಲ್ಲಿ ಈ ಪ್ರಮಾಣ 7ಕ್ಕೂ ಮೇಲೆ, ದಕ್ಷಿಣ ಆಫ್ರಿಕದಲ್ಲಿ 6ರಷ್ಟು. ನಮ್ಮ ಪಟ್ಟಣಗಳು ಎತ್ತರಕ್ಕೆ ಬೆಳೆದಿವೆ. ಅವುಗಳ ಬೊಕ್ಕಸ ಕುಳಿತಲ್ಲಿಯೇ ಕುಳಿತಿದೆ.

ಈ ತೊಡಕನ್ನು ಇತರರು ಹೇಗೆ ಬಿಡಿಸಲು ಯತ್ನಿಸಿದರೆಂಬುದನ್ನು ತಿಳಿಯುವುದು ಉಪಯುಕ್ತ. ಇಂಗ್ಲೆಂಡಿನಲ್ಲಿ ಅಂಗಡಿ ಕಾರಖಾನೆಗಳ ಕಟ್ಟಡಗಳ ಮೇಲಿನ ತೆರಿಗೆಯನ್ನು 1990ರಿಂದ ಕೇಂದ್ರ ಸರಕಾರವೇ ಗೊತ್ತುಮಾಡಿ, ಒಂದೆಡೆ ಕೂಡಿಸಿ, ಜನಸಂಖ್ಯೆಯ ಲೆಕ್ಕದಲ್ಲಿ ಊರುಗಳಿಗೆ ಹಂಚತೊಡಗಿತು. ಬಡ ಊರುಗಳಿಗೆ ಅದರಿಂದ ಅನುಕೂಲವಾಯಿತು. ಆದರೆ ಒಂದು ಊರು ಕಷ್ಟಪಟ್ಟು ಕಾರಖಾನೆಯೊಂದನ್ನು ಕರೆತಂದರೆ ಅದರ ಪಾಲಿಗೆ ವಿಶೇಷವೇನೂ ಬರುತ್ತಿರಲಿಲ್ಲ. 2005ರಲ್ಲಿ ಅಲ್ಲಿಯ ಸರಕಾರ ಉದ್ಯಮ ಬೆಳೆಸುವ ಸ್ಥಳೀಯ ಸಂಸ್ಥೆಗಳಿಗೆಂದೇ ಒಂದು ಉತ್ತೇಜನ ಯೋಜನೆಯನ್ನು ತಂದು, ಮೂರು ವರ್ಷಗಳಿಗೆ 100 ಕೋಟಿ ಪೌಂಡುಗಳ ವರೆಗೆ ಕೊಡುವುದಾಗಿ ಹೇಳಿತು. ಹಣವೇನೋ ಬಂದಿತು. ಆದರೆ ಲೆಕ್ಕದ ಸೂತ್ರ ಎಷ್ಟು ಜಟಿಲವಾಗಿತ್ತೆಂದರೆ, ಈ ವರ್ಷ ತನಗೆ ಎಷ್ಟು ಬಂದೀತೆಂದು ಊರಿಗೆ ಮುಂಚಿತವಾಗಿ ತಿಳಿಯುತ್ತಿರಲಿಲ್ಲ. ಬಂದರೆ ಲಾಟರಿ ಹೊಡೆದಂತೆ, ಬಾರದಿದ್ದರೆ ಅದೃಷ್ಟವಿಲ್ಲವೆಂಬಂತೆ. ಕೊನೆಗೆ 2013ರ ಏಪ್ರಿಲಿನಿಂದ ಆ ತೆರಿಗೆಯ ಅರ್ಧ ಪಾಲನ್ನು ಸ್ಥಳೀಯ ಸಂಸ್ಥೆಗಳ ವಲಯದಲ್ಲಿಯೇ ಉಳಿಸುವ ಏರ್ಪಾಡು ಮಾಡಿದರು. ಸಿರಿವಂತ ಊರಿನಿಂದ ಸ್ವಲ್ಪ ತೆಗೆದು ಬಡ ಊರಿಗೆ ತುಂಬುವ ಕಟ್ಟಳೆಯನ್ನೂ ಜೊತೆಗಿಟ್ಟರು. ಇದರಿಂದ ನಾವು ಕಲಿಯಬೇಕಾದುದು ಎರಡು ಪಾಠ. ಊರಿನ ಪಾಲು ಎಷ್ಟೆಂಬುದು ಒಬ್ಬ ಸಾಮಾನ್ಯ ಸದಸ್ಯನೂ ಬೆರಳೆಣಿಸಿ ಹೇಳುವಷ್ಟು ಸರಳವಾಗಿರಬೇಕು. ಬಡ ಊರನ್ನು ಕೈಬಿಡದ ಕಟ್ಟಳೆ ಅದರ ಸಂಗಡವೇ ಇರಬೇಕು.

ಈಗ ನಮ್ಮ ಹೈದರಾಬಾದಿಗೇ ಬರೋಣ. ಈ ನಗರಕ್ಕೆ ಪೌರಾಡಳಿತ ಹೊಸದಲ್ಲ. ಒಂದನೆಯ ಸಾಲಾರ್ ಜಂಗರ ಕಾಲದಲ್ಲಿ, 1869ರಲ್ಲಿಯೇ ಇಲ್ಲಿ ಪುರಸಭೆಯ ಇಲಾಖೆ ಹುಟ್ಟಿತು. 1908ರ ಮೂಸಿ ನದಿಯ ಮಹಾಪೂರದ ತರುವಾಯ ನಮ್ಮ ವಿಶ್ವೇಶ್ವರಯ್ಯನವರು ಬಂದು ಪ್ರವಾಹ ತಡೆಯುವ ಯೋಜನೆಯನ್ನೂ, ಒಳಚರಂಡಿಯ ಯೋಜನೆಯನ್ನೂ ಸಿದ್ಧಪಡಿಸಿದುದು ಎಲ್ಲರಿಗೂ ತಿಳಿದ ಸಂಗತಿ. ನಿಜಾಮರ ಕಾಲದ ಆಜಮಾಬಾದಿನ ಕೈಗಾರಿಕಾ ಪ್ರದೇಶ, ಆಮೇಲೆ ಸನತ್‌ನಗರ, ಜೀಡಿಮೆಟ್ಲ, ಪಟಾನ್‌ಚೆರು ಹೀಗೆ ಉದ್ಯಮ ನಗರದ ಹೊರವಲಯಕ್ಕೆ ಸಾಗುತ್ತ ಹೋಯಿತು. 1998ರ ನವೆಂಬರಿನಲ್ಲಿ ಪ್ರಧಾನಿ ವಾಜಪೇಯಿಯವರು ಮಾದಾಪುರದಲ್ಲಿ ಸೈಬರ್ ಟವರ್ಸ್ ಕಟ್ಟಡವನ್ನು ಉದ್ಘಾಟಿಸಿದ ಮೇಲೆ ಹೈಟೆಕ್ ಸಿಟಿಯ ಯುಗ ಮೊದಲಾಯಿತು.

ಇಂಥ ಪ್ರದೇಶಗಳಿಗಾಗಿ ಆಂಧ್ರ ಸರಕಾರ 1990ರ ದಶಕದಲ್ಲಿ ಒಂದು ವಿಶೇಷ ಏರ್ಪಾಡು ಮಾಡಿತು. 1973ರಲ್ಲಿ ಹುಟ್ಟಿದ ಕೈಗಾರಿಕಾ ಮೂಲಸೌಕರ್ಯ ನಿಗಮಕ್ಕೆ, ತನ್ನ ಬಡಾವಣೆಗಳಲ್ಲಿ ಪುರಸಭೆಯ ಕೆಲವು ಅಧಿಕಾರಗಳನ್ನು ತಾನೇ ನಡೆಸಲು ಒಪ್ಪಿಗೆ ಕೊಟ್ಟಿತು. ಇದನ್ನು ಕೈಗಾರಿಕಾ ಪ್ರದೇಶ ಸ್ಥಳೀಯ ಪ್ರಾಧಿಕಾರವೆಂದೂ, ಚಿಕ್ಕದಾಗಿ 'ಐಲಾ' ಎಂದೂ ಕರೆಯುತ್ತಾರೆ. ಮೂಲ ವ್ಯವಸ್ಥೆ ಹೀಗೆ: ಆ ಪ್ರದೇಶದ ಕಾರಖಾನೆಗಳಿಂದ ಆಸ್ತಿ ತೆರಿಗೆಯನ್ನು ಐಲಾ ವಸೂಲು ಮಾಡಬೇಕು, 100ಕ್ಕೆ 65 ಪಾಲನ್ನು ಅಲ್ಲಿಯ ರಸ್ತೆ, ದೀಪ, ಚರಂಡಿಗಳಿಗೆ ಬಳಸಬೇಕು, 35 ಪಾಲನ್ನು ಆ ಭಾಗದ ಪುರಸಭೆಗೋ ಪಂಚಾಯತಿಗೋ ಕೊಡಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ 2013ರಲ್ಲಿ ಇಂಥದೇ ಒಂದು ಕೈಗಾರಿಕಾ ಉಪನಗರ ಪ್ರಾಧಿಕಾರ ಏರ್ಪಟ್ಟಿತು. 1993ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 74ನೆಯ ತಿದ್ದುಪಡಿಯೇ ಇದಕ್ಕೆ ಎಡೆಮಾಡಿಕೊಟ್ಟಿದೆ.

ಈ 35–65ರ ಹಂಚಿಕೆಯಲ್ಲಿ ನಾವು ಮೆಚ್ಚಬೇಕಾದ ಅಂಶವಿದೆ. ಪಾಲು ಎಷ್ಟೆಂಬುದು ಗೊತ್ತಾಗಿದೆ; ಕಾರಖಾನೆ ಹೆಚ್ಚಿದರೆ ಪಂಚಾಯತಿಯ ಪಾಲೂ ಹೆಚ್ಚುತ್ತದೆ; ಕಟ್ಟಿದ ತೆರಿಗೆ ತನ್ನ ಬಾಗಿಲ ಮುಂದಿನ ರಸ್ತೆಯಾಗಿ ಕಾಣುವುದರಿಂದ ಉದ್ಯಮಿಗೂ ಕಟ್ಟಲು ಮನಸ್ಸಾಗುತ್ತದೆ. ಆದರೆ ಆಕ್ಷೇಪಿಸಬೇಕಾದ ಅಂಶವೂ ಇದೆ. ಕಾರಖಾನೆ ಇರುವುದು ಬಡಾವಣೆಯ ಒಳಗೆ. ಅದರ ಕೆಲಸಗಾರ ಇರುವುದು ಹೊರಗಿನ ಬಸ್ತಿಯಲ್ಲಿ. ಒಳಗಿನ ನುಣುಪಾದ ರಸ್ತೆಗೆ 65, ಹೊರಗಿನ ಸಾವಿರಾರು ಮನೆಗಳಿಗೆ 35 ಎಂದರೆ ತಕ್ಕಡಿ ಒಂದೆಡೆಗೆ ವಾಲಿದಂತೆ ಕಾಣುತ್ತದೆ. ಅಲ್ಲದೆ ಪುರಸಭೆಯ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಪ್ರಶ್ನೆ ಕೇಳಬಹುದು. ನಿಗಮದ ಅಧಿಕಾರಿಯನ್ನು ಓಟಿನಿಂದ ಕೇಳಲು ಬರುವುದಿಲ್ಲ. ಉತ್ತೇಜನವು ಉದ್ಯಮಕ್ಕೆ ಸಿಕ್ಕಿತು, ಚುನಾಯಿತ ಸಂಸ್ಥೆಗೆ ಉಳಿಕೆ ಸಿಕ್ಕಿತು ಎಂದು ಯಾರಾದರೂ ದೂರಿದರೆ ಅದನ್ನು ತಳ್ಳಿಹಾಕಲಾಗದು.

ಕೇಂದ್ರದ ಕಡೆಯಿಂದಲೂ ಒಂದು ಪ್ರಯತ್ನ ನಡೆಯಿತು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ದೇಶದ ಸ್ಥಳೀಯ ಸಂಸ್ಥೆಗಳಿಗೆ ಒಟ್ಟು 4,36,361 ಕೋಟಿ ರೂಪಾಯಿಗಳ ಅನುದಾನವನ್ನು ಶಿಫಾರಸು ಮಾಡುವಾಗ, ಪಟ್ಟಣಗಳಿಗೆ ಕೆಲವು ಷರತ್ತುಗಳನ್ನು ಹಾಕಿತು. ಲೆಕ್ಕಪತ್ರಗಳನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು. ಆಸ್ತಿ ತೆರಿಗೆಗೆ ಕನಿಷ್ಠ ದರವನ್ನು ಗೊತ್ತುಮಾಡಬೇಕು. ರಾಜ್ಯದ ಒಟ್ಟು ಉತ್ಪನ್ನ ಯಾವ ವೇಗದಲ್ಲಿ ಬೆಳೆಯುತ್ತದೆಯೋ ಅದಕ್ಕೆ ಸರಿಯಾಗಿ ಆಸ್ತಿ ತೆರಿಗೆಯ ವಸೂಲಿಯೂ ಬೆಳೆಯಬೇಕು. ಊರಿನ ಗಳಿಕೆಯನ್ನು ನಾಡಿನ ಬೆಳವಣಿಗೆಗೆ ಗಂಟುಹಾಕಿದ ಈ ಕ್ರಮ ಸರಿಯಾದ ದಿಕ್ಕಿನದು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆ ಪುರಸಭೆಗೂ ಅನ್ವಯಿಸುತ್ತದೆಯಲ್ಲವೆ? ಆದರೆ ಇದರಲ್ಲಿ ಬಲವಂತದ ಅಂಶ ಹೆಚ್ಚು, ಆಸೆಯ ಅಂಶ ಕಡಿಮೆ. ವಸೂಲಿ ಹೆಚ್ಚಿಸು ಎಂದಿತೇ ಹೊರತು, ನಿನ್ನ ಊರಿನ ವ್ಯಾಪಾರದಿಂದ ಹುಟ್ಟಿದ ಜಿ.ಎಸ್.ಟಿ.ಯಲ್ಲಿ ನಿನಗಿಷ್ಟು ಎನ್ನಲಿಲ್ಲ.

ಉತ್ತೇಜನವೆಂದೊಡನೆ ಅಪಾಯಗಳಿಲ್ಲವೆಂದು ನಾವು ಹೇಳುವುದಿಲ್ಲ. ಪಟಾನ್‌ಚೆರುವಿನ ಕಥೆಯನ್ನು ಇಲ್ಲಿಯ ಹಳಬರು ಬಲ್ಲರು. 1970ರ ದಶಕದಿಂದ ಅಲ್ಲಿ ಔಷಧ, ರಾಸಾಯನಿಕ ಕಾರಖಾನೆಗಳು ಬೆಳೆದವು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಅದರೊಡನೆ ನಕ್ಕವಾಗು ಎಂಬ ಹಳ್ಳದ ನೀರು ಕೆಟ್ಟಿತು, ಬಾವಿಗಳು ಕೆಟ್ಟವು, ಹೊಲಗಳು ಹಾಳಾದವು. ರೈತರ ಪರವಾದ ಮೊರೆ 1990ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಕಾರಖಾನೆಯ ಸಂಖ್ಯೆಯನ್ನಷ್ಟೇ ಎಣಿಸಿ ಬಹುಮಾನ ಕೊಡುವ ಪದ್ಧತಿಯಾದರೆ, ಕೆಟ್ಟ ನೀರಿನ ಕಡೆಗೆ ಕಣ್ಣು ಮುಚ್ಚಿಕೊಳ್ಳುವಂತೆ ಊರಿಗೆ ನಾವೇ ಹೇಳಿಕೊಟ್ಟಂತಾಗುತ್ತದೆ. ಆದುದರಿಂದ ಊರಿನ ಪಾಲನ್ನು ಲೆಕ್ಕ ಹಾಕುವಾಗ ಹಳ್ಳ ಕೊಳ್ಳಗಳ ಸ್ಥಿತಿಯೂ ಆ ಲೆಕ್ಕದಲ್ಲಿ ಬರಬೇಕು.

ಎರಡನೆಯ ಅಪಾಯ ಅಸಮತೆ. ಮಾದಾಪುರ ಇದ್ದುದು ಶೇರಿಲಿಂಗಂಪಲ್ಲಿ ಪುರಸಭೆಯಲ್ಲಿ. 2007ರ ಏಪ್ರಿಲಿನಲ್ಲಿ ಅದೂ ಸೇರಿ 12 ಪುರಸಭೆಗಳನ್ನೂ 8 ಗ್ರಾಮ ಪಂಚಾಯತಿಗಳನ್ನೂ ಹೈದರಾಬಾದ್ ನಗರಸಭೆಗೆ ಕೂಡಿಸಿ ಮಹಾನಗರಸಭೆಯನ್ನು ಮಾಡಿದರು. ಆಗ ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳ ತೆರಿಗೆಯೂ ಚಾರಮಿನಾರಿನ ಗಲ್ಲಿಗಳ ತೆರಿಗೆಯೂ ಒಂದೇ ಪೆಟ್ಟಿಗೆಯನ್ನು ಸೇರುವಂತಾಯಿತು. ಹೀಗೆ ಕೂಡಿಸಿದುದರಿಂದ ಹಳೆಯ ಮೊಹಲ್ಲಾಗಳಿಗೆ ಸಹಾಯವಾಗಬಹುದು; ಆದರೆ ದೂರದ ಒಂದು ವಾರ್ಡಿನ ಜನರಿಗೆ ತಮ್ಮ ತೆರಿಗೆ ಎಲ್ಲಿ ಹೋಯಿತೆಂಬುದು ಕಾಣದಂತೆಯೂ ಆಗಬಹುದು. ಆಡಳಿತದ ಗಡಿಗಳು ಮುಂದೆಯೂ ಬದಲಾಗುತ್ತಲೇ ಇರುತ್ತವೆ. ಗಡಿ ಹೇಗೇ ಇರಲಿ, ಬೆಳೆದ ಭಾಗಕ್ಕೆ ಒಂದು ಪಾಲು, ಬೆಳೆಯದ ಭಾಗಕ್ಕೆ ಒಂದು ಪಾಲು ಎಂಬ ನಿಯಮವಿದ್ದರೆ ಇಬ್ಬರೂ ನೆಮ್ಮದಿಯಿಂದಿರುತ್ತಾರೆ.

ಮೂರನೆಯದು ರಿಯಾಯಿತಿಯ ಪೈಪೋಟಿ. ಆ ಊರು ಐದು ವರ್ಷ ತೆರಿಗೆ ಬಿಟ್ಟರೆ ಈ ಊರು ಹತ್ತು ವರ್ಷ ಬಿಡುತ್ತದೆ. ಕೊನೆಗೆ ಕಂಪನಿ ಗೆಲ್ಲುತ್ತದೆ, ಎರಡು ಊರುಗಳೂ ಸೋಲುತ್ತವೆ. ನಾವು ಕೇಳುವ ಉತ್ತೇಜನ ಕಂಪನಿಗೆ ಬಿಟ್ಟುಕೊಡುವ ತೆರಿಗೆಯಲ್ಲ. ಊರಿಗೆ ಹಿಂದಿರುಗಿ ಬರುವ ತೆರಿಗೆ. ಇವೆರಡನ್ನೂ ಒಂದೆಂದು ಬಗೆಯಬಾರದು.

ಬಂಧುಗಳೇ, ಇದೆಲ್ಲ ಅಧಿಕಾರಿಗಳಿಗೂ ಪಂಡಿತರಿಗೂ ಸಂಬಂಧಿಸಿದ್ದು, ನಮಗೇನು ಎಂದು ನೀವು ಕೇಳಬಹುದು. ನಮಗೇ ಹೆಚ್ಚಾಗಿ ಸಂಬಂಧಿಸಿದ್ದೆಂದು ನಾವು ಅರಿಕೆಮಾಡುತ್ತೇವೆ. 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದು ಆಂಧ್ರ ಪ್ರದೇಶದ ರಾಜಧಾನಿಯಾಯಿತು. ಅಂದಿನ ವರೆಗೆ ಇದು ನಮ್ಮಲ್ಲಿ ಅನೇಕರ ಸ್ವಂತ ರಾಜಧಾನಿ. ಗಡಿ ಸರಿಯಿತು, ಇಲ್ಲಿದ್ದ ಕನ್ನಡ ಕುಟುಂಬಗಳು ಸರಿಯಲಿಲ್ಲ. ಆಮೇಲೆ ಉಡುಪಿಯ ಕಡೆಯಿಂದ, ಧಾರವಾಡದ ಕಡೆಯಿಂದ, ಬೆಂಗಳೂರಿನ ಕಡೆಯಿಂದ ಉದ್ಯೋಗ ಹುಡುಕಿಕೊಂಡು ಬಂದವರು ಕೂಡಿಕೊಂಡರು. ಪರಸ್ಥಳದಿಂದ ಬಂದವನನ್ನು ಒಂದು ಊರು ಎರಡು ಬಗೆಯಲ್ಲಿ ನೋಡಬಹುದು. ನಮ್ಮ ನೀರು ಕುಡಿಯಲು, ನಮ್ಮ ರಸ್ತೆ ತುಳಿಯಲು ಬಂದವನು ಎಂದು ನೋಡಬಹುದು. ಅಥವಾ ಇವನ ಅಂಗಡಿಯಿಂದ ನಮ್ಮ ಬೀದಿಗೆ ದೀಪ ಬಂದಿತು, ಇವನು ನಮ್ಮವನು ಎಂದು ನೋಡಬಹುದು. ವ್ಯಾಪಾರದ ಬೆಳವಣಿಗೆಯಲ್ಲಿ ಊರಿಗೆ ಪಾಲು ಸಿಗುವ ಏರ್ಪಾಡಿದ್ದರೆ ಎರಡನೆಯ ದೃಷ್ಟಿ ಬೆಳೆಯಲು ಅನುಕೂಲ. ಅದಿಲ್ಲದಿದ್ದರೆ ಮೊದಲನೆಯ ದೃಷ್ಟಿಗೇ ಬಲ ಬರುತ್ತದೆ. ಪ್ರೀತಿ ಸೌಹಾರ್ದಗಳು ದೊಡ್ಡವು, ನಿಜ. ಆದರೆ ನ್ಯಾಯವಾದ ಲೆಕ್ಕದ ಆಧಾರವಿದ್ದರೆ ಅವು ಹೆಚ್ಚು ಕಾಲ ಬಾಳುತ್ತವೆ.

ನಮ್ಮ ಗಡಿಯ ಬಂಧುಗಳ ಮಾತೂ ಉಂಟು. ಬೀದರಿಗೆ ಹೊಂದಿಕೊಂಡಿರುವ ಜಹೀರಾಬಾದಿನ ಸೀಮೆಯಲ್ಲಿ ಕನ್ನಡ ಮಾತನಾಡುವ ಹಳ್ಳಿಗಳಿವೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟವು ಒಪ್ಪಿಗೆ ಕೊಟ್ಟ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು. ಇಂಥ ನಗರ ಎದ್ದಾಗ ನೆಲ ಹೋಗುವುದು ರೈತನದು, ಧೂಳು ಬರುವುದು ಹಳ್ಳಿಗೆ. ಆ ಪಂಚಾಯತಿಗಳ ಪಾಲು ಎಷ್ಟೆಂಬುದು ಮೊದಲ ಕಾರಖಾನೆಯ ಹೊಗೆ ಏಳುವುದಕ್ಕೆ ಮುನ್ನವೇ ಕಾಗದದ ಮೇಲೆ ಬರಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ಕೊಡುವವರು ಕಡಿಮೆ.

ಹಾಗಾದರೆ ನಾವು ಬಯಸುವುದೇನು? ಒಂದು ಪಟ್ಟಣದಲ್ಲಿ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿ ಹುಟ್ಟಿದ ತೆರಿಗೆಯಲ್ಲಿ, ಅದು ಕೇಂದ್ರದ್ದಾಗಲಿ ರಾಜ್ಯದ್ದಾಗಲಿ, ಒಂದು ಗೊತ್ತಾದ ಅಂಶ ಆ ಪಟ್ಟಣಕ್ಕೆ ಕಾಯಿದೆಯ ಬಲದಿಂದ ಬರಬೇಕು, ಮಂತ್ರಿಗಳ ಮರ್ಜಿಯಿಂದಲ್ಲ. ಅದರಲ್ಲಿ ಒಂದು ಭಾಗ ಬಡ ವಾರ್ಡುಗಳಿಗೂ ಹಿಂದುಳಿದ ಊರುಗಳಿಗೂ ಸಲ್ಲಬೇಕು. ಕೆಲಸಗಾರರ ಬಸ್ತಿಗೆ ನೀರು, ಚರಂಡಿ ಮೊದಲಾಗಬೇಕು. ಬಂದುದೆಷ್ಟು, ಹೋದುದೆಷ್ಟು ಎಂಬ ಲೆಕ್ಕ ವರ್ಷಕ್ಕೊಮ್ಮೆ ವಾರ್ಡಿನ ಗೋಡೆಯ ಮೇಲೆ, ಅಲ್ಲಿಯ ಜನ ಓದಬಲ್ಲ ಭಾಷೆಯಲ್ಲಿ ಕಾಣಬೇಕು.

ಸರಕಾರ ಇದನ್ನು ಮಾಡುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಅಂಗಡಿಯ ಪರವಾನಗಿ ನಮ್ಮ ಹೆಸರಿನಲ್ಲಿರಲಿ, ಕಾಲಕಾಲಕ್ಕೆ ನವೀಕರಣವಾಗಲಿ. ಆಸ್ತಿ ತೆರಿಗೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟೋಣ. ಇತ್ತೀಚಿನ ವರ್ಷಗಳಲ್ಲಿ ಏಪ್ರಿಲಿನೊಳಗೆ ಕಟ್ಟಿದವರಿಗೆ 100ಕ್ಕೆ 5ರಂತೆ ರಿಯಾಯಿತಿಯನ್ನೂ ಇಲ್ಲಿ ಕೊಡುತ್ತ ಬಂದಿದ್ದಾರೆ. ಬಾಡಿಗೆಗೆ ಇರುವವರೂ ಬಾಡಿಗೆಯ ಮೂಲಕ ತೆರಿಗೆಗೆ ಕೊಟ್ಟವರೇ. ಅವರಿಗೂ ಕೇಳುವ ಹಕ್ಕುಂಟು. ಎಲ್ಲಕ್ಕಿಂತ ಮಿಗಿಲಾಗಿ, ಇಲ್ಲಿ ನೆಲಸಿದ ಮೇಲೆ ಮತದಾರರ ಪಟ್ಟಿಯಲ್ಲಿ ಇಲ್ಲಿಯ ವಿಳಾಸವಿರಲಿ. ಊರಿನಲ್ಲೊಂದು ಓಟು ಇಟ್ಟುಕೊಂಡು ಇಲ್ಲಿಯ ಚರಂಡಿಯ ಬಗ್ಗೆ ಗೊಣಗಿದರೆ ಕೇಳುವವರಾರು? ನಮ್ಮ ಸಂಘವು ಹಬ್ಬ ಆಚರಿಸುವಂತೆಯೇ ವರ್ಷಕ್ಕೊಂದು ದಿನ ವಾರ್ಡಿನ ಸದಸ್ಯರನ್ನು ಕರೆಸಿ, ತೆಲುಗು, ಉರ್ದು, ಮರಾಠಿ ನೆರೆಹೊರೆಯವರನ್ನೂ ಜೊತೆಗೆ ಕೂರಿಸಿಕೊಂಡು ಲೆಕ್ಕದ ಮಾತನಾಡಲಿ ಎಂಬುದು ನಮ್ಮ ಸೂಚನೆ.

ದುಡಿಮೆಯನ್ನು ಕಾಯಕವೆಂದೂ, ದುಡಿದುದನ್ನು ಹಂಚಿಕೊಳ್ಳುವುದನ್ನು ದಾಸೋಹವೆಂದೂ ಕರೆದ ಕಲ್ಯಾಣ ಇಲ್ಲಿಂದ ಹೆಚ್ಚು ದೂರದಲ್ಲಿಲ್ಲ. ಆ ಎರಡು ಮಾತುಗಳ ಅರ್ಥ ಪುರಸಭೆಯ ಲೆಕ್ಕದ ಪುಸ್ತಕದಲ್ಲಿಯೂ ಕಾಣಬೇಕೆಂಬುದು ನಮ್ಮ ಆಶಯ. ವರ್ತಕ ಬೆಳೆಯಲಿ, ಊರು ಬೆಳೆಯಲಿ, ಒಬ್ಬರ ಬೆಳವಣಿಗೆಯಲ್ಲಿ ಇನ್ನೊಬ್ಬರಿಗೆ ನ್ಯಾಯವಾದ ಪಾಲಿರಲಿ.